ಮೊದಲನೇ ಏಟು, ಮೂರನೇ ಏಟು

ಕೋಲಾರ
ಮಂಗಳವಾರ ರಾತ್ರಿ

ಮಗನೇ,

ಕರ್ತನ ಕೃಪೆ ನಿನ್ನ ಮೇಲಿರಲಿ. ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಮೂರು ಸಲ ಓದಿದೆ. ಫೋನ್ ಮಾಡೋಣ ಅಂತ ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆ. ಇದು ಕೂತು ಬರೆಯಬೇಕಾದ ವಿಷಯ. ನೀನೂ ಒಬ್ಬನೇ ಕೂತು ಓದು.

ಮೊದಲನೇ ಭಾನುವಾರ ಎಲ್ಲರೂ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಮುಂದೆ ಹೋದಾಗ ನೀನು ಎದ್ದು ಹೊರಗೆ ಹೋದೆಯಂತೆ. ನಿನ್ನ ಅಪ್ಪ ಹೇಳಿದ. ಊಟವೂ ಸರಿಯಾಗಿ ಮಾಡುತ್ತಿಲ್ಲವಂತೆ. ಮಂಡಿಯಲ್ಲಿ ಜನ ಬೆನ್ನು ತಟ್ಟಿ 'ಗಂಡು ಮಗ' ಅಂತಾರೆ, ಅದು ನಿನಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಸಭೆಯಲ್ಲಿ ಒಬ್ಬ ಹಿರಿಯರು 'ಇನ್ನೊಂದು ಕೆನ್ನೆ ತಿರುಗಿಸು ಅಂದ ಸ್ವಾಮಿಯ ಹೆಸರು ಇಟ್ಟುಕೊಂಡು ದೊಣ್ಣೆ ಎತ್ತಿದೆಯಾ' ಅಂದರು, ಅದೂ ಚುಚ್ಚುತ್ತದೆ. ಇಬ್ಬರ ಮಾತನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡು. ಆ ರಾತ್ರಿ ಏನಾಯಿತು ಅನ್ನುವುದನ್ನೇ ನೋಡೋಣ.

2023ರಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದಾಗಿನಿಂದ ನಮ್ಮ ಕಡೆ ತೋಟಕ್ಕೆ ರಾತ್ರಿ ಕಾವಲು ಹಾಕುವುದು ಹೊಸದೇನಲ್ಲ. ನೀನು ಪಂಪ್‌ಸೆಟ್ ಮನೆಯಲ್ಲಿ ಮಲಗಿದ್ದೆ. ಕಾವಲಿನ ತಾತ ಹೊರಗೆ ಮಂಚದ ಮೇಲಿದ್ದರು. ಮೂವರು ಬಂದರು. ತಾತ ಕೂಗಿಕೊಂಡಾಗ ಒಬ್ಬ ಅವರನ್ನು ಕೆಳಗೆ ಕೆಡವಿ ಮಚ್ಚು ಎತ್ತಿದ. ನೀನು ಓಡಿ ಬಂದು ದೊಣ್ಣೆಯಿಂದ ಅವನ ಕೈಗೆ ಹೊಡೆದೆ. ಮಚ್ಚು ಬಿತ್ತು, ಅವನೂ ಬಿದ್ದ. ಉಳಿದ ಇಬ್ಬರು ಓಡಿದರು. ಆಮೇಲೆ ಬಿದ್ದವನ ಕಾಲಿಗೆ ನೀನು ಮತ್ತೆರಡು ಏಟು ಹೊಡೆದೆ. ಮೂಳೆ ಮುರಿಯಿತು.

'ದೊಡ್ಡಪ್ಪಾ, ನಾನು ಮಾಡಿದ್ದು ಪಾಪವಾ?' ಅಂತ ಕೇಳಿದ್ದೀಯ. ಒಂದೇ ಪ್ರಶ್ನೆ ಕೇಳಿದ್ದೀಯ, ಆದರೆ ಅಲ್ಲಿ ಮೂರು ಏಟಿದೆ. ಮೊದಲನೇ ಏಟಿಗೆ ನೀನು ಕಣ್ಣೀರು ಹಾಕಬೇಕಾಗಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಹಾಕಬೇಕು. ನನ್ನ ಮಾತು ಇಷ್ಟೇ. ಯಾಕೆ ಹಾಗೆ ಹೇಳುತ್ತೇನೆ ಅಂತ ಮುಂದೆ ಬರೆಯುತ್ತೇನೆ.

ಮೊದಲು ಆ ಕೆನ್ನೆಯ ಮಾತು. ಸತ್ಯವೇದದಲ್ಲಿ ಮತ್ತಾಯ ಐದನೇ ಅಧ್ಯಾಯ ತೆಗೆದು ನೋಡು. ಸುಮ್ನೆ ಕೆನ್ನೆ ಅಂತ ಬರೆದಿಲ್ಲ, ಬಲಗೆನ್ನೆ ಅಂತಿದೆ. ಬಲಗೈಯವನು ಎದುರಿಗೆ ನಿಂತವನ ಬಲಗೆನ್ನೆಗೆ ಹೊಡೆಯಬೇಕಾದರೆ ಕೈಯ ಹಿಂಬದಿಯಿಂದ ಹೊಡೆಯಬೇಕು. ಅದು ಅವಮಾನ ಮಾಡುವ ಏಟು, ದಣಿ ಆಳಿಗೆ ಹೊಡೆಯುವ ಏಟು ಅಂತ ವಾಕ್ಯ ಬಲ್ಲವರು ಎಷ್ಟೋ ಜನ ಹೇಳಿದ್ದಾರೆ. ನನಗೆ ಅವಮಾನವಾದರೆ ನಾನು ಸೇಡು ತೀರಿಸಿಕೊಳ್ಳಬಾರದು. ಇದನ್ನು ನಾನು ಪೂರ್ತಿ ನಂಬುತ್ತೇನೆ, ಇದರಲ್ಲಿ ರಿಯಾಯಿತಿ ಕೇಳುವುದಿಲ್ಲ. ಆದರೆ ಅಲ್ಲಿ ಹೇಳಿರುವುದು ನನ್ನ ಕೆನ್ನೆಯ ವಿಷಯ. ಆ ರಾತ್ರಿ ಮಚ್ಚಿನ ಕೆಳಗಿದ್ದದ್ದು ತಾತನ ತಲೆ. ಅದನ್ನು ಅವನಿಗೆ ಒಡ್ಡುವುದಕ್ಕೆ ನೀನು ಯಾರು?

ಕರ್ತನಾದ ಯೇಸುವಿಗೂ ಒಂದು ಸಲ ಕೆನ್ನೆಗೆ ಏಟು ಬಿತ್ತು, ಗೊತ್ತಲ್ಲ. ಮಹಾಯಾಜಕನ ಮುಂದೆ ಒಬ್ಬ ಓಲೇಕಾರ ಹೊಡೆದ. ಆತ ತಿರುಗಿ ಹೊಡೆಯಲಿಲ್ಲ. ಸುಮ್ಮನೆಯೂ ಇರಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ಸರಿಯಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದ. ಯೋಹಾನ ಹದಿನೆಂಟರಲ್ಲಿದೆ. ಆತನ ಸ್ವಂತ ಊರಾದ ನಜರೇತಿನವರು ಬೆಟ್ಟದ ಅಂಚಿನಿಂದ ತಳ್ಳಲು ಎಳೆದುಕೊಂಡು ಹೋದಾಗ ಅವರ ಮಧ್ಯದಿಂದಲೇ ಹೊರಟುಹೋದ. ದೇವಾಲಯದಲ್ಲಿ ಕಲ್ಲು ಎತ್ತಿಕೊಂಡಾಗ ಮರೆಯಾದ. ತನ್ನ ಗಳಿಗೆ ಬರುವವರೆಗೆ ಆತ ಜೀವ ಉಳಿಸಿಕೊಂಡ. ಗಳಿಗೆ ಬಂದಾಗ ತಾನೇ ಕೊಟ್ಟ. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅನ್ನುವ ಮಾತು ಯೋಹಾನನ ಕುರಿಗಳ ಅಧ್ಯಾಯದಲ್ಲಿ ಬರುತ್ತದೆ. ಅದೇ ಅಧ್ಯಾಯದಲ್ಲಿ, ತೋಳ ಬಂದಾಗ ಕುರಿ ಬಿಟ್ಟು ಓಡುವ ಕೂಲಿಯವನ ಮಾತೂ ಇದೆ. ಆ ಕೂಲಿಯವನನ್ನು ಆತ ಹೊಗಳಲಿಲ್ಲ.

ಈ ವಿಷಯದಲ್ಲಿ ಕ್ರೈಸ್ತರೆಲ್ಲ ಒಂದೇ ಮಾತು ಆಡಿದ್ದಾರೆ ಅಂತ ತಿಳಿಯಬೇಡ. ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಆಗಸ್ಟೀನ್, 430ರಲ್ಲಿ ತೀರಿಕೊಂಡವರು. ಅಧಿಕಾರವಿಲ್ಲದ ಸಾಮಾನ್ಯ ವಿಶ್ವಾಸಿ ಬರೀ ತನ್ನ ಜೀವ ಉಳಿಸಿಕೊಳ್ಳಲು ಇನ್ನೊಬ್ಬನನ್ನು ಕೊಲ್ಲುವುದನ್ನು ಅವರು ಒಪ್ಪಲಿಲ್ಲ. ಬೇರೆಯವರನ್ನು ಕಾಯುವ ಸಿಪಾಯಿಯ ಲೆಕ್ಕ ಬೇರೆ ಅಂದರು. ಸುಮಾರು ಎಂಟುನೂರು ವರ್ಷದ ಮೇಲೆ ಥಾಮಸ್ ಅಕ್ವಿನಾಸ್ ಅನ್ನುವ ದೇವಶಾಸ್ತ್ರ ಪಂಡಿತರು ಬೇರೆ ದಾರಿ ಹಿಡಿದರು. ನನ್ನ ಮನಸ್ಸು ಜೀವ ಉಳಿಸುವುದರ ಮೇಲಿದ್ದು, ಏಟು ಎಷ್ಟು ಬೇಕೋ ಅಷ್ಟೇ ಇದ್ದರೆ ಪಾಪವಲ್ಲ, ಜಾಸ್ತಿಯಾದರೆ ಪಾಪ ಅಂತ ಬರೆದರು. ಕಥೋಲಿಕ ಸಭೆ ಇವತ್ತಿಗೂ ಅದನ್ನೇ ಕಲಿಸುತ್ತದೆ. ಇನ್ನೊಬ್ಬರ ಜೀವದ ಹೊಣೆ ಹೊತ್ತವನಿಗೆ ಕಾಯುವುದು ಕರ್ತವ್ಯವೂ ಆಗುತ್ತದೆ ಅನ್ನುತ್ತದೆ. ಮೆನ್ನೊನೈಟರು ಅಂತ ಕ್ರೈಸ್ತರಲ್ಲೇ ಒಂದು ಪಂಗಡದವರು ಇದ್ದಾರೆ, ಅವರು ಆಯುಧ ಮುಟ್ಟುವುದೇ ಇಲ್ಲ ಅಂತ ನಿಂತವರು.

ಅವರ ಪೈಕಿಯ ಒಬ್ಬನ ಕಥೆ ನನ್ನನ್ನು ಎಷ್ಟೋ ರಾತ್ರಿ ನಿದ್ದೆಗೆಡಿಸಿದೆ. ಡಿರ್ಕ್ ವಿಲೆಮ್ಸ್ ಅಂತ, ಹಾಲೆಂಡಿನವನು. ವಿಶ್ವಾಸಕ್ಕಾಗಿ ಸೆರೆಯಲ್ಲಿಟ್ಟಿದ್ದರು. ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಅಟ್ಟಿಸಿಕೊಂಡು ಬಂದವನ ಕಾಲ ಕೆಳಗೆ ಮಂಜು ಒಡೆದು ಅವನು ಮುಳುಗತೊಡಗಿದ. ಡಿರ್ಕ್ ವಾಪಸ್ ಬಂದು ಅವನನ್ನು ಎಳೆದು ಹಾಕಿದ. ಸಿಕ್ಕಿಬಿದ್ದ. 1569ರಲ್ಲಿ ಅವನನ್ನು ಸುಟ್ಟರು. ಈ ಕಥೆ ಹೇಳುವವರು ಒಂದನ್ನು ಬಿಟ್ಟುಬಿಡುತ್ತಾರೆ. ಅವನೂ ಮೊದಲು ತಪ್ಪಿಸಿಕೊಂಡು ಓಡಿದವನೇ. ಸಾಯಲು ಹುಡುಕಿಕೊಂಡು ಹೋದವನಲ್ಲ. ಮುಳುಗುತ್ತಿದ್ದ ಶತ್ರುವಿನಲ್ಲಿ ಒಬ್ಬ ಮನುಷ್ಯನನ್ನು ಕಂಡ, ತನ್ನದೇ ಜೀವ ಕೊಟ್ಟ. ಕೈಯಲ್ಲಿ ಬೇರೆಯವರ ಮಗುವನ್ನು ಎತ್ತಿಕೊಂಡು ಅವನು ತಿರುಗಿ ಬಂದಿದ್ದರೆ ನಾವು ಏನು ಅನ್ನುತ್ತಿದ್ದೆವು? ಇದನ್ನು ನಾನು ಇನ್ನೂ ಯೋಚಿಸುತ್ತೇನೆ.

ಈಗ ನಿನಗೆ ಯಾವತ್ತೂ ಹೇಳದ ಒಂದು ವಿಷಯ ಹೇಳುತ್ತೇನೆ. ನಿನ್ನ ಅತ್ತೆ ಸಭೆಯಲ್ಲಿ ಯಾವಾಗಲೂ ಎಡಗಡೆ ಗೋಡೆಗೆ ಒರಗಿ ಕೂರುತ್ತಾಳಲ್ಲ, ಯಾಕೆ ಅಂತ ಕೇಳಿದ್ದೀಯಾ? ಅವಳ ಎಡಗಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಅವಳ ಗಂಡ ಹೊಡೆಯುತ್ತಿದ್ದ. ನೀನು ಹುಟ್ಟುವ ಮುಂಚಿನ ಮಾತು. ಒಂದು ಮಳೆಗಾಲದ ರಾತ್ರಿ ಒಂದು ಬ್ಯಾಗ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ಆಗಲೇ ಸಭೆಯಲ್ಲಿ ವಾಕ್ಯ ಹೇಳುತ್ತಿದ್ದವನು. ಸತ್ಯವೇದ ತೆಗೆದು ಅವಳಿಗೆ ಓದಿದೆ. ಶಿಲುಬೆ ಹೊರಬೇಕಮ್ಮ, ತಾಳಿಕೊಂಡು ಗಂಡನನ್ನು ಗೆಲ್ಲು ಅಂದೆ. ಬೆಳಿಗ್ಗೆ ನಾನೇ ಬಸ್ ಹತ್ತಿಸಿದೆ. ಕಿಟಕಿಯಿಂದ ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನಾಲ್ಕು ತಿಂಗಳಿಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಬಲಗೈ ಬೀಸಿ ಹೊಡೆದ ಏಟು ಬೀಳುವುದು ಎಡಗಡೆಗೆ.

ಆ ದಿನ ನಾನು ಕ್ಷಮೆ ಅಂತ ಕರೆದದ್ದು ನನ್ನ ಹೆದರಿಕೆಯನ್ನು. ಊರು ಏನನ್ನುತ್ತದೋ, ಸಭೆ ಏನನ್ನುತ್ತದೋ ಅನ್ನುವ ಹೆದರಿಕೆ. ಅವಳ ಹೆಗಲ ಮೇಲೆ ನಾನು ಹೊರಿಸಿದ್ದು ಶಿಲುಬೆ ಅಲ್ಲ. ಶಿಲುಬೆಯನ್ನು ಹೊರುವವನೇ ಎತ್ತಿಕೊಳ್ಳಬೇಕು. ಅವಳು ನನ್ನನ್ನು ಕ್ಷಮಿಸಿದ್ದಾಳೆ. ಆದರೆ ಕರ್ತನನ್ನು ಹಿಡಿಯಲು ಬಂದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಶಿಷ್ಯ ಪೇತ್ರ ಕತ್ತಿ ಬೀಸಿ ಮಹಾಯಾಜಕನ ಆಳು ಮಲ್ಕನ ಬಲಗಿವಿ ಕತ್ತರಿಸಿದ್ದು, ಕರ್ತನು ಅದನ್ನು ಮುಟ್ಟಿ ವಾಸಿಮಾಡಿದ್ದು ಓದುವಾಗೆಲ್ಲ ನನಗೆ ನನ್ನ ತಂಗಿಯ ಕಿವಿ ನೆನಪಾಗುತ್ತದೆ. ಅದು ವಾಸಿಯಾಗಲಿಲ್ಲ. ಅದಕ್ಕೇ ಹೇಳುವುದು, ತಾತನನ್ನು ಉಳಿಸಿದ ಏಟಿಗೆ ನಿನ್ನನ್ನು ತಪ್ಪಿತಸ್ಥ ಅನ್ನಲು ನನ್ನ ಬಾಯಿ ಬರುವುದಿಲ್ಲ. ಅವತ್ತು ನೀನು ಪಂಪ್‌ಸೆಟ್ ಮನೆಯೊಳಗೆ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡುತ್ತಾ ಕೂತಿದ್ದರೆ ನಾನು ಈಗ ಬೇರೆ ಕಾಗದ ಬರೆಯಬೇಕಾಗಿತ್ತು.

ಇನ್ನು ಉಳಿದ ಎರಡು ಏಟು. ಸತ್ಯವೇದದ ವಿಮೋಚನಕಾಂಡ ಇಪ್ಪತ್ತೆರಡನೇ ಅಧ್ಯಾಯದ ಶುರುವಿನಲ್ಲೇ ಕಳ್ಳನ ಕಾನೂನಿದೆ. ಕನ್ನ ಕೊರೆಯುವಾಗ ಸಿಕ್ಕ ಕಳ್ಳ ಏಟು ತಿಂದು ಸತ್ತರೆ ಹೊಡೆದವನ ಮೇಲೆ ರಕ್ತದ ಅಪರಾಧವಿಲ್ಲ. ಸೂರ್ಯ ಹುಟ್ಟಿದ ಮೇಲೆ ಆದರೆ ಅಪರಾಧವಿದೆ. ನೋಡು, ಅದೇ ಕಳ್ಳ, ಅದೇ ಮನೆ. ಕತ್ತಲಲ್ಲಿ ಎದುರಿಗಿರುವವನು ಯಾರು, ಯಾತಕ್ಕೆ ಬಂದ ಅಂತ ಗೊತ್ತಾಗುವುದಿಲ್ಲ. ಬೆಳಕಲ್ಲಿ ಗೊತ್ತಾಗುತ್ತದೆ. ಅವನ ಮುಖ ಕಾಣುತ್ತದೆ. ನಿನ್ನ ಮೊದಲನೇ ಏಟು ಕತ್ತಲಲ್ಲಿ ಬಿತ್ತು. ಆಮೇಲೆ 'ಟಾರ್ಚ್ ಬಿಟ್ಟೆ, ಹತ್ತೊಂಬತ್ತು ಇಪ್ಪತ್ತರ ಹುಡುಗ, ಅಣ್ಣಾ ಅಂತ ಕೈ ಮುಗಿದ' ಅಂತ ನೀನೇ ಬರೆದಿದ್ದೀಯ. ಮಚ್ಚು ಅವನ ಕೈಯಲ್ಲಿರಲಿಲ್ಲ. ಆ ಹೊತ್ತಿಗೆ ನಿನಗೆ ಸೂರ್ಯ ಹುಟ್ಟಿತ್ತು, ಮಗನೇ. ಆಮೇಲಿನ ಎರಡು ಏಟು ತಾತನಿಗಾಗಿ ಬಿದ್ದದ್ದಲ್ಲ. ನಿನ್ನ ಸಿಟ್ಟಿಗೆ ಬಿದ್ದದ್ದು. ಮಂಡಿಯಲ್ಲಿ ಬೆನ್ನು ತಟ್ಟುವವರು ಹೊಗಳುತ್ತಿರುವುದು ಆ ಎರಡನ್ನೇ. ಅದಕ್ಕೇ ನಿನಗೆ ಮುಳ್ಳಾಗುತ್ತಿದೆ. ನಿನ್ನ ಮನಸ್ಸಾಕ್ಷಿ ಕೆಟ್ಟಿಲ್ಲ, ಅದಕ್ಕೆ ನಾನು ದೇವರಿಗೆ ಸ್ತೋತ್ರ ಹೇಳಿದೆ.

ನಮ್ಮ ದೇಶದ ಕಾನೂನೂ ಹತ್ತಿರ ಹತ್ತಿರ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಕಲಮಿನವರೆಗೆ ಸ್ವರಕ್ಷಣೆಯ ಹಕ್ಕಿನ ವಿಷಯ ಇದೆ. ನಿನ್ನ ಜೀವವಷ್ಟೇ ಅಲ್ಲ, ಇನ್ನೊಬ್ಬರ ಜೀವ ಕಾಯುವುದೂ ಅದರಲ್ಲಿ ಸೇರುತ್ತದೆ. ಆದರೆ ಕಾಯಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ನೋವು ಮಾಡುವ ಹಕ್ಕು ಯಾರಿಗೂ ಇಲ್ಲ. ಪೊಲೀಸರಿಗೆ ಒಂದು ಏಟು ಅಂದೆಯೋ ಮೂರು ಅಂದೆಯೋ, ನೀನು ಬರೆದಿಲ್ಲ. ಒಂದು ಅಂತ ಹೇಳಿದ್ದರೆ ಹೋಗಿ ಮೂರು ಅಂತ ಹೇಳು. ಮೊದಲು ಒಬ್ಬ ವಕೀಲರನ್ನು ಕಂಡು ಹೋಗು, ಆದರೆ ಹೇಳು. ಅದಕ್ಕೆ ಏನೇ ಬಂದರೂ ನಾನು ನಿನ್ನ ಜೊತೆ ಇರುತ್ತೇನೆ. ಖರ್ಚಿನ ಚಿಂತೆ ನಿನಗೆ ಬೇಡ.

ಕೇಸು ವಾಪಸ್ ತೆಗೆದುಕೊಳ್ಳಲಾ, ಕ್ಷಮಿಸುವುದು ಅಂದರೆ ಅದೇ ಅಲ್ವಾ ಅಂತಲೂ ಕೇಳಿದ್ದೀಯ. ಅದು ನಿನ್ನೊಬ್ಬನ ಕೇಸಲ್ಲ. ಕೆಳಗೆ ಬಿದ್ದವರು ತಾತ. ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನು ಇಬ್ಬರು ಗಂಡುಮಕ್ಕಳ ಸಮೇತ ಜೀಪಿನಲ್ಲಿ ಸುಟ್ಟರಲ್ಲ. ದೊಡ್ಡವನಿಗೆ 10 ವರ್ಷ, ಚಿಕ್ಕವನಿಗೆ 6. ಅವರ ಹೆಂಡತಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದರು. ಕುಷ್ಠರೋಗಿಗಳ ಸೇವೆ ಬಿಡದೆ ಅಲ್ಲೇ ವರ್ಷಗಟ್ಟಲೆ ಉಳಿದರು. ಕೋರ್ಟು ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಗ್ಲಾಡಿಸ್ ಅವರ ಕ್ಷಮೆ ಅದರಿಂದ ಕಡಿಮೆಯಾಯಿತೇ? ಅಪೊಸ್ತಲ ಪೌಲನೂ ಹಾಗೆ. ನಿನ್ನ ಸೇಡನ್ನು ದೇವರಿಗೆ ಬಿಡು ಅಂತ ರೋಮಾಪುರದವರಿಗೆ ಬರೆದವನೇ, ನಲವತ್ತು ಜನ ತನ್ನನ್ನು ಕೊಲ್ಲಲು ಆಣೆ ಇಟ್ಟಿದ್ದಾರೆ ಅಂತ ಸೋದರಳಿಯ ಬಂದು ಹೇಳಿದಾಗ ಆ ಹುಡುಗನನ್ನು ನೇರ ಸೇನಾಧಿಪತಿಯ ಹತ್ತಿರ ಕಳಿಸಿದ. ಇನ್ನೊಂದು ಸಲ ತೋಟದಲ್ಲಿ ಸದ್ದಾದರೆ ನೀನೂ ಮೊದಲು 112ಕ್ಕೆ ಫೋನ್ ಮಾಡು. ತಾತನನ್ನು ಒಳಗೆ ಮಲಗಿಸು, ದೊಡ್ಡ ಲೈಟ್ ಹಾಕಿಸು. ಟೊಮೆಟೊ ಹೋದರೆ ಹೋಗಲಿ. ಹಣ್ಣಿಗಾಗಿ ಯಾರ ಮೂಳೆಯೂ ಮುರಿಯುವುದು ಬೇಡ.

ಆ ಹುಡುಗ ಜಾಮೀನಿನ ಮೇಲೆ ಮನೆಗೆ ಬಂದಿದ್ದಾನೆ ಅಂತ ಕೇಳಿದೆ. ಕಾಲಿಗೆ ಕಟ್ಟು ಹಾಕಿದ್ದಾರೆ, ಮನೆಯಲ್ಲಿ ತಾಯಿ ಒಬ್ಬಳೇ. ವಕೀಲರು ಒಪ್ಪಿದರೆ ಶನಿವಾರ ಹೋಗಿ ಬರೋಣ. ಪಾಸ್ಟರ್ ಅಯ್ಯನವರಿಗೂ ಹೇಳಿದ್ದೇನೆ, ಬರುತ್ತಾರೆ. ಕೇಸಿನ ಮಾತು ಎತ್ತಬೇಡ. ಬಿದ್ದ ಮೇಲೆ ಹೊಡೆದದ್ದು ತಪ್ಪಾಯಿತು ಅಂತ ಅಷ್ಟು ಮಾತ್ರ ಹೇಳು. ಅವನು ಮುಖ ತಿರುಗಿಸಬಹುದು, ತಾಯಿ ಬೈಯಬಹುದು. ಬೈದರೆ ಕೇಳಿಸಿಕೋ. ನಿನ್ನ ಕೆನ್ನೆ ತಿರುಗಿಸಬೇಕಾದ ಜಾಗ ಅದೇ. ಅವನು ಆರು ವಾರ ಕೂಲಿಗೆ ಹೋಗಲಾಗುವುದಿಲ್ಲ. ಮನೆಗೆ ಅಕ್ಕಿ, ರಾಗಿ, ಬೇಳೆ ನಾನು ಕಟ್ಟಿಸಿಡುತ್ತೇನೆ. ಔಷಧಿ ಖರ್ಚು ನೀನು ನಿನ್ನ ಬೆಳೆಯ ದುಡ್ಡಿನಿಂದ ಕೊಡು.

ಕಾಣಿಕೆ ತಂದವನು ಯಾರಾದರೂ ತನ್ನ ಮೇಲೆ ನೊಂದಿರುವುದು ನೆನಪಾದರೆ ಅದನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸಮಾಧಾನವಾಗಲಿ ಅಂತ ಕರ್ತನು ಹೇಳಿದ್ದಾನೆ. ಅದೂ ಮತ್ತಾಯ ಐದರಲ್ಲೇ ಇದೆ, ಕೆನ್ನೆಯ ಮಾತಿಗಿಂತ ಸ್ವಲ್ಪ ಮೇಲೆ. ಹಾಗೆ ಬಿಟ್ಟು ಹೋದವನು ತಿರುಗಿ ಬಂದು ಕಾಣಿಕೆ ಕೊಡಲಿ ಅಂತಲೂ ಅದೇ ಮಾತಿನಲ್ಲಿದೆ. ನೀನು ಹೊರಗೆ ಹೋದದ್ದು ಆಯಿತು, ಈಗ ಒಳಗೆ ಬಾ.

ಶನಿವಾರ ಮಧ್ಯಾಹ್ನದೊಳಗೆ ಬಂದುಬಿಡು. ಹೋಗಿ ಬಂದ ಮೇಲೆ ರಾತ್ರಿ ಇಲ್ಲೇ ಉಳಿ, ನಿನ್ನ ದೊಡ್ಡಮ್ಮ ಮುದ್ದೆ, ಬಸ್ಸಾರು ಮಾಡುತ್ತೇನೆ ಅಂದಿದ್ದಾಳೆ. ಮಾರನೇ ದಿನ ಮೊದಲನೇ ಭಾನುವಾರ. ಸಭೆಯಲ್ಲಿ ಅತ್ತೆಯ ಪಕ್ಕ ಕೂತುಕೋ. ಅವಳ ಬಲಗಡೆಗೆ ಕೂರು, ಮಾತಾಡಿದರೆ ಅವಳಿಗೆ ಕೇಳಿಸುವುದು ಆ ಕಡೆಯೇ.

ಪ್ರೀತಿಯಿಂದ,
ನಿನ್ನ ದೊಡ್ಡಪ್ಪ