ಬಿದ್ದ ಗರಿಯಲ್ಲಿದೆ ಪಾದರಸದ ಲೆಕ್ಕ

ಮಾನ್ಯ ಸಂಪಾದಕರೇ,

ಕಡಲಹಕ್ಕಿಗಳು ಸತ್ತ ಸುದ್ದಿ ಬಂದಾಗಲೆಲ್ಲ ಜೊತೆಗೆ ಹೊಟ್ಟೆಯೊಳಗಿನ ಪ್ಲಾಸ್ಟಿಕ್ ಚಿತ್ರವೂ ಬರುತ್ತದೆ. ಬರಲಿ, ಬರಲೇಬೇಕು. ಆದರೆ ಕ್ಯಾಮೆರಾಗೆ ಸಿಗದ ವಿಷವೂ ಆ ಮೈಯಲ್ಲಿರುತ್ತದೆ. ಪಾದರಸ, ಸೀಸ, ಕ್ಯಾಡ್ಮಿಯಂ ಎಂಬ ಭಾರಲೋಹಗಳು. ಕಣ್ಣಿಗೆ ಕಾಣುವುದಿಲ್ಲ ಅಂತಲೇ ಇವುಗಳ ಸುದ್ದಿ ಹಿಂದೆ ಬೀಳುತ್ತಿದೆ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಲ್ಲಿದ್ದಲು ಸುಡುವಾಗ, ಸಣ್ಣ ಗಣಿಗಳಲ್ಲಿ ಚಿನ್ನ ಬಿಡಿಸುವಾಗ ಪಾದರಸ ಗಾಳಿಗೆ ಸೇರುತ್ತದೆ. ಎಲ್ಲೋ ಎದ್ದ ಆವಿ ಸಾವಿರಾರು ಕಿಲೋಮೀಟರ್ ಆಚೆ ಕಡಲಿಗೆ ಬೀಳುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ, ಅಂದರೆ ಜೀವಿಗಳ ಮೈಗೆ ಸುಲಭವಾಗಿ ಸೇರುವ ರೂಪ, ಮಾಡುತ್ತವೆ. ಸಣ್ಣ ಮೀನಿನಲ್ಲಿ ಸ್ವಲ್ಪ, ಅದನ್ನು ತಿಂದ ದೊಡ್ಡ ಮೀನಿನಲ್ಲಿ ಜಾಸ್ತಿ, ಹಕ್ಕಿಯಲ್ಲಿ ಇನ್ನೂ ಜಾಸ್ತಿ. ಬೊಂಡಾಸ್ (ಸ್ಕ್ವಿಡ್) ತಿನ್ನುವ ಹಕ್ಕಿಗಳ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಕೂಡ ಸೇರಿಕೊಳ್ಳುತ್ತದೆ. ಈ ಹಕ್ಕಿಗಳ ಆಯಸ್ಸೂ ದೊಡ್ಡದು. 1956ರಲ್ಲಿ ಕಾಲಿಗೆ ಗುರುತಿನ ಬಳೆ ತೊಡಿಸಿದ ‘ವಿಸ್ಡಮ್’ ಎಂಬ ಆಲ್ಬಟ್ರಾಸ್ (ಒಂದು ದೊಡ್ಡ ಕಡಲಹಕ್ಕಿ) 2024ರಲ್ಲೂ ಮೊಟ್ಟೆ ಇಟ್ಟಿತು. ಅಷ್ಟು ವರ್ಷ ಕಡಲಿನದೇ ಊಟ, ಯೋಚಿಸಿ ನೋಡಿ.

ನನ್ನನ್ನು ತುಂಬಾ ಕಾಡಿದ್ದು ಗರಿಯ ವಿಷಯ. ಗರಿ ಬೆಳೆಯುವಾಗ ರಕ್ತದಲ್ಲಿರುವ ಪಾದರಸ ಅದಕ್ಕೆ ಅಂಟಿಕೊಳ್ಳುತ್ತದೆ. ಬೆಳೆದು ಮುಗಿದ ಮೇಲೆ ರಕ್ತದ ನಂಟು ಕಡಿಯುತ್ತದೆ, ಪಾದರಸ ಒಳಗೇ ಉಳಿಯುತ್ತದೆ. ಹಕ್ಕಿ ಗರಿ ಉದುರಿಸಿ ತನ್ನ ಮೈಯ ಪಾದರಸದ ಭಾರ ಸ್ವಲ್ಪ ಇಳಿಸಿಕೊಳ್ಳುತ್ತದೆ. ಹೆಣ್ಣಾದರೆ ಮೊಟ್ಟೆಯ ಮೂಲಕವೂ ಇಳಿಸುತ್ತದೆ, ಅಂದರೆ ಮರಿಗೆ ದಾಟಿಸುತ್ತದೆ. ಕೆನಡಾದ ಆರ್ಕ್ಟಿಕ್ ಭಾಗದ ಐವರಿ ಗಲ್ ಹಕ್ಕಿಯ ಹಳೆಯ ಗರಿಗಳನ್ನು ವಸ್ತುಸಂಗ್ರಹಾಲಯಗಳಿಂದ ತೆಗೆದು ಪರೀಕ್ಷಿಸಿದಾಗ, 1877ರಿಂದ 2007ರ ನಡುವೆ ಮೀಥೈಲ್ ಪಾದರಸ 45 ಪಟ್ಟು ಏರಿತ್ತು. ಹಕ್ಕಿಯ ಊಟ ಬದಲಾಗಿರಲಿಲ್ಲ. ಬದಲಾದದ್ದು ಊಟದೊಳಗಿನ ವಿಷ. ಹಿಮ ಬಿಟ್ಟರೆ ಬೇರೇನೂ ಇಲ್ಲದ ಕಡೆ ಬದುಕುವ ಬಿಳಿ ಹಕ್ಕಿ ಅದು!

ಸೀಸದ ಕತೆ ಬೇರೆ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಅಮೆರಿಕದ ನೌಕಾನೆಲೆಯ ಹಳೆಯ ಕಟ್ಟಡಗಳಿದ್ದವು. ಗೋಡೆಯ ಸೀಸದ ಬಣ್ಣ ಚಕ್ಕೆಯಾಗಿ ಉದುರುತ್ತಿತ್ತು. ಆಲ್ಬಟ್ರಾಸ್ ಮರಿ ತಿಂಗಳುಗಟ್ಟಲೆ ಗೂಡಲ್ಲೇ ಕೂತಿರುತ್ತದೆ, ಕೊಕ್ಕಿಗೆ ಸಿಕ್ಕಿದ್ದನ್ನೆಲ್ಲ ಹೆಕ್ಕುತ್ತದೆ. ಚಕ್ಕೆ ನುಂಗಿದ ಮರಿಯ ನರಗಳು ಸೋತು ರೆಕ್ಕೆ ಜೋತು ಬೀಳುತ್ತಿತ್ತು. ಎರಡೂ ರೆಕ್ಕೆ ನೆಲಕ್ಕೆ ಎಳೆದುಕೊಂಡು ನಡೆಯುವ ಮರಿ ಹಾರುವುದೆಲ್ಲಿಂದ ಬಂತು? ಕೊನೆಗೆ ಬಣ್ಣ ಕೆರೆದು, ಮಣ್ಣನ್ನೂ ಶುಚಿಮಾಡಿದರು. ಒಂದು ದ್ವೀಪವಾದ್ದರಿಂದ ಅದು ಆಯಿತು. ಇಡೀ ಕಡಲಿನ ಪಾದರಸವನ್ನು ಹಾಗೆ ಕೆರೆದು ತೆಗೆಯಲು ಆಗುವುದಿಲ್ಲ, ಅಲ್ವಾ? ಹೊರಡುವಲ್ಲೇ ತಡೆಯಬೇಕು.

ಅದಕ್ಕೆಂದೇ 2013ರಲ್ಲಿ ಮಿನಮಾಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆಯಿತು, 2017ರಲ್ಲಿ ಜಾರಿಗೂ ಬಂತು. ಮೀನು, ಕಡಲಾಮೆ, ಹಕ್ಕಿಗಳ ಮೈಯಲ್ಲಿರುವ ಪಾದರಸವನ್ನು ಅಳೆಯುವ ಮಾತು ಅದರಲ್ಲೇ ಇದೆ. ಕೆನಡಾ 1975ರಿಂದಲೇ ಆರ್ಕ್ಟಿಕ್ ಕಡಲಹಕ್ಕಿಗಳ ಮೊಟ್ಟೆ ಪರೀಕ್ಷಿಸುತ್ತಾ ಬಂದಿದೆ. ಸಹಿ ಹಾಕಿದ ಉಳಿದ ಸರ್ಕಾರಗಳೂ ಹೀಗೆ ಬಿಡದೆ ಅಳೆದು, ಲೆಕ್ಕವನ್ನು ಜನರ ಮುಂದೆ ಇಡಬೇಕು. ಹಕ್ಕಿಯನ್ನು ಕೊಲ್ಲಬೇಕಾಗಿಲ್ಲ, ಎದೆಯ ನಾಲ್ಕು ಪುಕ್ಕ ಸಾಕು. ಅವು ಮತ್ತೆ ಬೆಳೆಯುತ್ತವೆ.

ಮುಂದಿನ ಸಲ ಸತ್ತ ಕಡಲಹಕ್ಕಿಯ ಚಿತ್ರ ಹಾಕುವಾಗ ಸಂಬಂಧಪಟ್ಟವರನ್ನು ಒಂದು ಪ್ರಶ್ನೆ ಕೇಳಿ: ಇದರ ಗರಿಯನ್ನು ಪರೀಕ್ಷೆಗೆ ಕಳಿಸಿದ್ದೀರಾ? ಉತ್ತರ ಏನೇ ಬಂದರೂ ಚಿತ್ರದ ಕೆಳಗೇ ಅಚ್ಚು ಹಾಕಿ.

ಇತಿ,
ನಿಮ್ಮ ಪತ್ರಿಕೆಯ ಓದುಗ