ಮನೆಯ ಮಾತು, ಮೈಕಿನ ಮುಂದೆ

ರ‍್ಯಾಪ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾರು, ಚಿನ್ನದ ಸರ, ಬೈಗುಳ. ಅದು ಪೂರ್ತಿ ಸುಳ್ಳೇನಲ್ಲ ಬಿಡಿ. ಆದರೂ ಈ ಸಂಚಿಕೆಯಲ್ಲಿ ಒಂದು ರ‍್ಯಾಪ್ ಆಲ್ಬಮ್ ಬಗ್ಗೆಯೇ ಬರೆಯುತ್ತಿದ್ದೇನೆ. ದಕ್ಷಿಣ ಲಂಡನ್ನಿನ ಸ್ಟ್ರೆಥಮ್‌ನಲ್ಲಿ ಬೆಳೆದ ರ‍್ಯಾಪರ್ ಡೇವ್ ಮಾಡಿದ 'ಸೈಕೋಡ್ರಾಮಾ'. 2019ರ ಮಾರ್ಚ್‌ನಲ್ಲಿ ಬಂತು. ಆಗ ಅವನಿಗಿನ್ನೂ 20 ವರ್ಷ. ಅದೇ ವರ್ಷ ಬ್ರಿಟನ್ನಿನಲ್ಲಿ ವರ್ಷದ ಒಳ್ಳೆಯ ಆಲ್ಬಮ್‌ಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ, ಮರುವರ್ಷ ಅಲ್ಲಿನದೇ ಇನ್ನೊಂದು ದೊಡ್ಡ ಸಂಗೀತ ಪ್ರಶಸ್ತಿಯಾದ ಬ್ರಿಟ್ ಕೂಡ ಸಿಕ್ಕಿತು.

ಇಡೀ ಆಲ್ಬಮ್ ಒಂದು ಥೆರಪಿಯ, ಅಂದರೆ ಮಾತಾಡಿಸಿ ಮಾಡುವ ಮನಸ್ಸಿನ ಚಿಕಿತ್ಸೆಯ ಹಾಗಿದೆ. ಶುರುವಿನಲ್ಲಿ ಥೆರಪಿಸ್ಟ್ ತಾರೀಖು ಹೇಳಿ, ಇದು ಮೊದಲನೇ ಭೇಟಿ ಅನ್ನುತ್ತಾನೆ. ಆಮೇಲೆ ಹುಡುಗ ಬಾಯಿ ಬಿಡುತ್ತಾನೆ. ನಮ್ಮ ಮನೆಗಳಲ್ಲಾದರೆ "ಏನೋ ಟೆನ್ಷನ್ ಅಷ್ಟೇ, ಸರಿಹೋಗುತ್ತೆ" ಅಂತ ಒಂದು ಲೋಟ ಕಾಫಿ ಕೈಗಿಟ್ಟು ಸುಮ್ಮನಾಗುತ್ತೇವೆ, ಅಲ್ವಾ? ಡೇವ್‌ಗೆ ಈ ಯೋಚನೆ ಬಂದಿದ್ದು ಅಣ್ಣನಿಂದ. ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ಆ ಅಣ್ಣ ಜೈಲಿನಲ್ಲಿ ಪಡೆದ, ಮನಸ್ಸಿನಲ್ಲಿರುವುದನ್ನು ನಟಿಸಿ ಹೊರಹಾಕುವ ಚಿಕಿತ್ಸೆಯ ಹೆಸರೇ ಸೈಕೋಡ್ರಾಮಾ.

ಕೊನೆಯ ಹಾಡು 'ಡ್ರಾಮಾ' ಆ ಅಣ್ಣನಿಗೇ ಬರೆದ ಕಾಗದ. ಫೋನಿನಲ್ಲಿ ಅಣ್ಣನ ದನಿಯೂ ಕೇಳುತ್ತದೆ. ನನಗೆ ಹಿಡಿಸಿದ್ದು ಇಲ್ಲಿನ ಸಿಟ್ಟು. ಅಣ್ಣನ ಮೇಲೆ ಪ್ರೀತಿ ಇದೆ, ಹೆಮ್ಮೆ ಇದೆ, ಜೊತೆಗೆ "ನನ್ನನ್ನು ಒಬ್ಬನೇ ಬಿಟ್ಟು ಹೋದೆ" ಎಂಬ ತಕರಾರೂ ಇದೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸುವುದಿಲ್ಲ. ಕ್ಷಮಿಸಿದೆ ಅಂತ ಸುಲಭವಾಗಿ ಮುಗಿಸುವುದೂ ಇಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ನಾಲ್ಕು ಜನರ ಮುಂದೆ ಹೇಳಬಾರದು ಅಂತ ಕಲಿತು ಬಂದ ನಮಗೆ ಇದನ್ನು ಕೇಳುವಾಗ ಸ್ವಲ್ಪ ಇರಿಸುಮುರಿಸಾಗುತ್ತದೆ. ಆಗಲಿ.

'ಲೆಸ್ಲಿ' ಇನ್ನೂ ಕಷ್ಟದ ಹಾಡು. 11 ನಿಮಿಷ ಉದ್ದ. ಸಂಗಾತಿಯ ಹೊಡೆತ ತಿನ್ನುವ ಗರ್ಭಿಣಿಯ ಕಥೆ. ಮೊದಮೊದಲು ಪರಿಚಯದವರ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳುತ್ತಾ ಹೋಗುತ್ತಾನೆ. ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಇದನ್ನು ಇನ್ನೊಮ್ಮೆ ಕೇಳಲು ನನಗೆ ಧೈರ್ಯ ಬೇಕಾಯಿತು.

ಎಲ್ಲವೂ ಇಷ್ಟು ಭಾರವಲ್ಲ. ನೈಜೀರಿಯಾದ ಗಾಯಕ ಬರ್ನಾ ಬಾಯ್ ಜೊತೆಗಿನ 'ಲೊಕೇಶನ್' ಪಕ್ಕಾ ಪಾರ್ಟಿ ಹಾಡು. ಆಲ್ಬಮ್‌ಗೆ ಅದು ಹೊಂದುವುದಿಲ್ಲ ಅಂತ ಮೊದಲು ಅನ್ನಿಸಿತ್ತು. ಆದರೆ ಮನಸ್ಸು ಬಿಚ್ಚಿ ಮಾತಾಡಲು ಕೂತವನೂ ನಡುವೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತಾನಲ್ಲ! ಹೆಚ್ಚಿನ ಕಡೆ ಸಂಗೀತ ಸರಳ. ಪಿಯಾನೋದ್ದೇ ಜಾಸ್ತಿ ಕೆಲಸ. ಅದನ್ನು ಡೇವ್ ತಾನೇ ನುಡಿಸುತ್ತಾನೆ.

ಅವನ ತಾಯಿ ನೈಜೀರಿಯಾದಿಂದ ಬಂದ ನರ್ಸ್. ರಾತ್ರಿ ಪಾಳಿ ಮುಗಿಸಿ ಬರುವ ಅಮ್ಮಂದಿರು, ಅವರಿಲ್ಲದ ಮನೆಯಲ್ಲಿ ಬೆಳೆಯುವ ಮಕ್ಕಳು ನಮ್ಮ ಕನ್ನಡದ ಮನೆಗಳಲ್ಲೂ ಇದ್ದಾರೆ. ಮರ್ಕ್ಯುರಿ ಪ್ರಶಸ್ತಿ ಬಂದಾಗ ಡೇವ್ ಅಮ್ಮನನ್ನೂ ವೇದಿಕೆಗೆ ಕರೆದುಕೊಂಡು ಹೋದ. ಅಲ್ಲಿ ಅಣ್ಣನನ್ನೂ ನೆನೆದ.

ಬೈಗುಳ ಇದೆ, ಮುಂಚೆಯೇ ಹೇಳಿರುತ್ತೇನೆ. ಹದಿಹರೆಯದ ಮಕ್ಕಳಿದ್ದರೆ ಮೊದಲು ನೀವೊಮ್ಮೆ ಕೇಳಿ. ಅವರು ಆಗಲೇ ಕೇಳಿರುವ ಸಾಧ್ಯತೆಯೇ ಹೆಚ್ಚು. ಹಾಡುಗಳು ಹನ್ನೊಂದೇ, ಶಫಲ್ ಹಾಕದೆ ಸಾಲಾಗಿ ಕೇಳಿ.