ಹುಟ್ಟು ಹಾಕುವ ದೋಣಿ

ಊರಿಗೆ ಹೊರಟ ಅಪ್ಪ-ಅಮ್ಮನನ್ನು ವ್ಯಾಂಕೂವರ್ ಏರ್‌ಪೋರ್ಟಿನ ಹಸಿರು ದೋಣಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಯದ ಮನೆ ನಮ್ಮ ಸಂಘದಲ್ಲಿ ಇರಲಿಕ್ಕಿಲ್ಲ. ಕರಡಿ, ಹದ್ದು, ತೋಳ, ಕಪ್ಪೆ ಎಲ್ಲ ಒತ್ತೊತ್ತಾಗಿ ಕೂತ ಆ ಕಂಚಿನ ಶಿಲ್ಪ ಹೈಡಾ ಬುಡಕಟ್ಟಿನ ತಾಯಿಯ ಮಗ, ಶಿಲ್ಪಿ ಬಿಲ್ ರೀಡ್ ಅವರದು. ಹಳೆಯ 20 ಡಾಲರ್ ನೋಟಿನ ಮೇಲೂ ಇತ್ತು, ನೆನಪಿದೆಯಾ? ಆದರೆ ನನಗೆ ಕೇಳಿದರೆ, ಅವರ ದೊಡ್ಡ ಕೆಲಸ ನೀರಿಗಿಳಿದ ದೋಣಿ, ಲೂಟಾಸ್. 1986ರ ವ್ಯಾಂಕೂವರ್ ವಿಶ್ವಮೇಳ ಎಕ್ಸ್‌ಪೋಗೆಂದು ಒಂದೇ ಸೀಡರ್ ಮರದಲ್ಲಿ ಕೊರೆದದ್ದು, ಉದ್ದ ಸುಮಾರು 15 ಮೀಟರ್.

ಕೆನಡಾದ ಪಶ್ಚಿಮ ಕರಾವಳಿಯಾಚೆಯ ಹೈಡಾ ಗ್ವಾಯಿ ದ್ವೀಪಗಳ ಹೈಡಾ ಜನರಿಗೆ ದೋಣಿಯೇ ರಸ್ತೆ, ದೋಣಿಯೇ ಆಸ್ತಿ. ಯುದ್ಧಕ್ಕೂ ಅದೇ, ಔತಣಕ್ಕೂ ಅದೇ. ಹೈಡಾ ದೋಣಿಗೆ ಎದುರು ದಡದ ಬೇರೆ ಬುಡಕಟ್ಟುಗಳಲ್ಲೂ ಒಳ್ಳೆ ಬೇಡಿಕೆ ಇತ್ತು. ಆಮೇಲೆ 1862ರ ಸಿಡುಬು ಊರೂರನ್ನೇ ಖಾಲಿ ಮಾಡಿತು. 1885ರಿಂದ 1951ರವರೆಗೆ ಉಡುಗೊರೆ ಹಂಚುವ ಅವರ ಪಾಟ್ಲ್ಯಾಚ್ ಔತಣಕ್ಕೇ ಕಾನೂನಿನ ನಿಷೇಧ. ದೊಡ್ಡ ದೋಣಿ ಕೊರೆಯುವ ಕೈಗಳು ಎಲ್ಲಿ ಉಳಿದಾವು?

ಕೊರೆಯುವುದು ಅರ್ಧ ಕೆಲಸ ಅಷ್ಟೇ. ಗೋಡೆಯ ದಪ್ಪ ಹದವಾಗಿರಬೇಕು. ಅದಕ್ಕೆ ಹೊರಗಿನಿಂದ ಸಣ್ಣ ತೂತು ಕೊರೆದು ಅಳತೆಯ ಕಡ್ಡಿ ಬಡಿಯುತ್ತಿದ್ದರು. ಒಳಗೆ ಕೆತ್ತುತ್ತಾ ಬಂದಾಗ ಕಡ್ಡಿಯ ತುದಿ ಕಂಡರೆ ಅಲ್ಲಿಗೆ ಉಳಿ ನಿಲ್ಲಬೇಕು. ಆಮೇಲೆ ದೋಣಿಯೊಳಗೆ ನೀರು, ನೀರಿಗೆ ಬೆಂಕಿಯಲ್ಲಿ ಕಾದ ಕಲ್ಲುಗಳು. ಮೇಲೆ ಚಾಪೆ ಮುಚ್ಚಿದರೆ ಹಬೆ ಕೂತು, ಬಾಡಿಸಿದ ಬಾಳೆಲೆಯ ಹಾಗೆ ಮರ ಬಳುಕಲು ಶುರು. ಎರಡೂ ಬದಿ ಹೊರಕ್ಕೆ ಅಗಲವಾಗುತ್ತವೆ, ಎರಡೂ ತುದಿ ಮೇಲೇಳುತ್ತವೆ. ಮರದ ಅಗಲಕ್ಕಿಂತ ದೋಣಿಯ ಅಗಲವೇ ಜಾಸ್ತಿ! ಆಗ ಅಡ್ಡಪಟ್ಟಿ ಬಿಗಿಯುತ್ತಾರೆ. ಎಲ್ಲಾದರೂ ಸೀಳಿತೋ, ತಿಂಗಳುಗಟ್ಟಲೆ ಕೆಲಸ ಹೋಯಿತು.

ಲೂಟಾಸ್ ಸುಮ್ನೆ ಪ್ರದರ್ಶನಕ್ಕೆ ನಿಲ್ಲಲಿಲ್ಲ. 1987ರಲ್ಲಿ ಹೈಡಾ ಜನ ವ್ಯಾಂಕೂವರಿನಿಂದ ಹೈಡಾ ಗ್ವಾಯಿವರೆಗೆ ಹುಟ್ಟು ಹಾಕಿಯೇ ಕೊಂಡೊಯ್ದರು. ಅದೇ ಜುಲೈನಲ್ಲಿ, ಮರ ಕಡಿಯುವುದರ ವಿರುದ್ಧ ಅವರು ಹೋರಾಡಿದ್ದ ದಕ್ಷಿಣದ ಕಾಡನ್ನು ಉಳಿಸುವ ಒಪ್ಪಂದವೂ ಆಯಿತು. 1989ರಲ್ಲಿ ದೋಣಿ ಪ್ಯಾರಿಸ್‌ನ ಸೀನ್ ನದಿಯನ್ನೂ ಕಂಡು ಬಂತು. 1998ರಲ್ಲಿ ರೀಡ್ ತೀರಿಕೊಂಡಾಗ ಅವರ ಬೂದಿಯನ್ನು ತಾಯಿಯ ಕಡೆಯ ಹಳ್ಳಿ ಟಾನುವಿಗೆ ಒಯ್ದದ್ದೂ ಇದೇ ದೋಣಿ.

ಬೇಸಿಗೆ ರಜೆಗೆ ಎಲ್ಲಿಗೆ ಹೋಗೋಣ ಎನ್ನುವವರು ಹೈಡಾ ಗ್ವಾಯಿಯ ಸ್ಕಿಡೆಗೇಟ್‌ನ ಹೈಡಾ ಹೆರಿಟೇಜ್ ಸೆಂಟರ್ ಕಡೆ ಮನಸ್ಸು ಮಾಡಿ. ಪ್ರಿನ್ಸ್ ರೂಪರ್ಟಿನಿಂದ ಫೆರ್ರಿ ಇದೆ. ಕಾರು ಒಯ್ಯುವುದಾದರೆ ಟಿಕೆಟ್ ಮೊದಲೇ ಮಾಡಿಸಿಕೊಳ್ಳಿ.